ಅಜ್ಜಿಯ ಕಥೆ, ಅಪ್ಪನ ಆತಂಕ

ಆಷಾಢದ ಮಳೆ ಕುಂದಾಪುರದ ಹೆಂಚಿನ ಮನೆಗಳ ಮೇಲೆ ಎಡೆಬಿಡದೆ ಸುರಿಯುತ್ತಿರುವ ಸಂಜೆ. ಪಂಚಗಂಗಾವಳಿಯ ಕಡೆಯಿಂದ ಬೀಸುವ ಗಾಳಿಗೆ ವಿದ್ಯುದ್ದೀಪವು ಎರಡು ಬಾರಿ ಆರಿಹೋಗಿದೆ. ದೇವರ ಪೀಠದ ಮುಂದೆ ಮೇಣದ ಬತ್ತಿ ಹಚ್ಚಿ ಮನೆಮಂದಿಯೆಲ್ಲ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆಯನ್ನು, ಮುಗಿಸಿದ್ದಾರೆ. ಮಕ್ಕಳಿಬ್ಬರೂ ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಬೇಡಿ ಆಶೀರ್ವಾದ ಪಡೆದದ್ದೂ ಆಯಿತು. ಇನ್ನು ಊಟದ ತನಕ ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಥೆ ಕೇಳುವ ಹೊತ್ತು. ಆದರೆ ಅಂದು ಕಥೆಗೆ ವಿಘ್ನವೊಂದು ಒದಗಿತು. ಹಿರಿಯ ಮಗನ ದಿಂಬಿನ ಕೆಳಗೆ ತಂದೆಗೆ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಹೊದಿಕೆಯ ಮೇಲೆ ಕನ್ನಡಕ ಧರಿಸಿದ ಹುಡುಗ. ಅವನ ಕೈಯಲ್ಲಿ ಮಂತ್ರದಂಡ.

ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಆ ತಂದೆ ಮಾತನಾಡದೆ ಪುಸ್ತಕವನ್ನು ಕಪಾಟಿನ ಮೇಲೆ, ಮಗನ ಕೈಗೆ ಎಟುಕದ ಎತ್ತರದಲ್ಲಿ, ಇಟ್ಟುಬಿಟ್ಟರು. “ಮಾಟ ಮಾಡುವವನ ಕಥೆ ನಮ್ಮ ಮನೆಯಲ್ಲಿ ಬೇಡ,” ಎಂದಷ್ಟೇ ಹೇಳಿದರು. ಹುಡುಗನ ಕಣ್ಣು ತುಂಬಿತು. ಅಜ್ಜಿ ಜಪಸರವನ್ನು ಪೆಟ್ಟಿಗೆಯಲ್ಲಿಡುತ್ತ ಮಗನ ಮುಖವನ್ನೊಮ್ಮೆ ನೋಡಿದರು.

ತಂದೆಯನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಆತಂಕಕ್ಕೆ ಆಧಾರವಿಲ್ಲದಿಲ್ಲ. ಮಾಟ, ಕಣಿ, ಸತ್ತವರನ್ನು ವಿಚಾರಿಸುವ ವಿದ್ಯೆ ಇವೆಲ್ಲ ದೇವರಿಗೆ ಅಸಹ್ಯವೆಂದು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಸ್ಪಷ್ಟವಾಗಿ ವಿಧಿಸುತ್ತದೆ. ಎಫೆಸ ಪಟ್ಟಣದಲ್ಲಿ ಹೊಸದಾಗಿ ಕ್ರೈಸ್ತರಾದವರು ತಮ್ಮ ಮಾಟದ ಗ್ರಂಥಗಳನ್ನು ತಾವೇ ತಂದು ಎಲ್ಲರ ಮುಂದೆ ಸುಟ್ಟರೆಂದೂ, ಅವುಗಳ ಬೆಲೆ ಐವತ್ತು ಸಾವಿರ ಬೆಳ್ಳಿಯ ನಾಣ್ಯಗಳಷ್ಟಾಯಿತೆಂದೂ ಹೊಸ ಒಡಂಬಡಿಕೆಯಲ್ಲಿ ಬರೆದಿದೆ. ಅದೂ ಅಲ್ಲದೆ ಲಂಡನ್ನಿನ ಮಗುವಿಗೆ ಮಾಟವೆಂಬುದು ಬರಿಯ ಕಥೆಯ ಮಾತಾಗಿರಬಹುದು. ಕರಾವಳಿಯ ಮಗುವಿಗೆ ಹಾಗಲ್ಲ. ಇಲ್ಲಿ ಮಾಟ, ದೃಷ್ಟಿ, ತಾಯಿತ, ಮಂತ್ರಿಸಿದ ನೂಲು ಎಂಬ ಮಾತುಗಳು ಇಂದಿಗೂ ಹಿತ್ತಿಲ ಬೇಲಿಯಾಚೆ ಕೇಳಿಬರುವಂಥವು.

ಕೊಂಕಣಿ ಮಾತನಾಡುವ ಈ ಕ್ರೈಸ್ತರ ಪೂರ್ವಿಕರು ಬಹುಮಟ್ಟಿಗೆ ಗೋವೆಯಿಂದ ವಲಸೆ ಬಂದವರು. 1560ರಲ್ಲಿ ಅಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯ ನ್ಯಾಯಾಲಯವು 1812ರಲ್ಲಿ ಕೊನೆಯದಾಗಿ ರದ್ದಾಗುವವರೆಗೆ, ಮನೆಯೊಳಗಿನ ಆಚಾರಗಳ ಮೇಲೂ ಕಣ್ಣಿಟ್ಟಿತ್ತು. ಯಾವುದು ನಮ್ಮದು, ಯಾವುದು ಅಲ್ಲ ಎಂಬ ಗೆರೆಯನ್ನು ಅಷ್ಟು ಕಷ್ಟದಿಂದ ಕಲಿತ ಜನಾಂಗದ ಮನಸ್ಸಿನಲ್ಲಿ ಆ ಗೆರೆಯ ಬಗೆಗೆ ಎಚ್ಚರವು ಇಂದಿಗೂ ಉಳಿದಿದ್ದರೆ ಆಶ್ಚರ್ಯವೇನು?

ಆದರೆ ಅಜ್ಜಿಯ ತವರು ಬ್ರಹ್ಮಾವರ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ವಾರಿಸ್ ಮಾರ್ ಜೂಲಿಯಸ್ ಅವರನ್ನು ಅನುಸರಿಸಿ ರೋಮನ್ ಆಡಳಿತದಿಂದ ಬೇರೆಯಾಗಿ ಸಿರಿಯನ್ ಆರ್ಥಡಾಕ್ಸ್ ಸಭೆಯನ್ನು ಸೇರಿದ ಕೊಂಕಣಿಗರ ಊರು ಅದು. ಅಜ್ಜಿ ಮದುವೆಯಾಗಿ ಕುಂದಾಪುರದ ಕಥೋಲಿಕ ಮನೆಗೆ ಬಂದರು. ಎರಡು ಸಭೆಗಳನ್ನು ಹತ್ತಿರದಿಂದ ಕಂಡವರಿಗೆ ಸಹಜವಾದ ಸಮಾಧಾನವು ಅವರ ಸ್ವಭಾವದಲ್ಲಿತ್ತು. ಅಂದು ರಾತ್ರಿ ಊಟವಾದ ಮೇಲೆ ಅವರು ಮಗನಿಗೆ ಹೇಳಿದ್ದು ಇಷ್ಟೆ:

“ನಾನು ಚಿಕ್ಕವಳಿದ್ದಾಗ ಮಂದಾರ್ತಿ ಮೇಳದ ಆಟಕ್ಕೆ ಹೋಗುತ್ತಿದ್ದೆ, ಗೊತ್ತುಂಟಾ? ಕೊಯ್ಲಾದ ಗದ್ದೆಯ ಬದುವಿನಲ್ಲಿ ಚಾಪೆ ಹಾಸಿ ಕುಳಿತುಕೊಳ್ಳುವುದು. ರಾಕ್ಷಸ ವೇಷ ಬೊಬ್ಬೆ ಹೊಡೆದು ಬರುವಾಗ ನನ್ನ ಅಪ್ಪನ ತೊಡೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಬೆಳಗಾದರೆ ಅದೇ ಕಣ್ಣಿನಲ್ಲಿ ಇಗರ್ಜಿಗೆ ಹೋಗುತ್ತಿದ್ದೆ. ಅದರಿಂದ ನನ್ನ ವಿಶ್ವಾಸ ಎಲ್ಲಿ ಕೆಟ್ಟಿತು ಮಗಾ?”

“ಅದು ಬೇರೆ, ಮಾಂಯ್,” ಎಂದರು ಮಗ. “ಅಲ್ಲಿ ರಾಕ್ಷಸ ರಾಕ್ಷಸನೇ. ಕೊನೆಗೆ ಸಾಯುತ್ತಾನೆ. ಈ ಪುಸ್ತಕದಲ್ಲಿ ಮಾಟ ಕಲಿಯುವವನೇ ನಾಯಕ. ಅವನ ಹಾಗೆ ಆಗಬೇಕೆಂದು ಹುಡುಗನಿಗೆ ಆಸೆ ಹುಟ್ಟಿದರೆ?”

ಇದು ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಅಜ್ಜಿ ಸುಮ್ಮನಾದರು.

ಹುಡುಗನ ತಾಯಿ ಬೈಂದೂರು ಕಡೆಯವರು. ಅವರ ನೆನಪಿನ ಬುತ್ತಿಯಲ್ಲಿ ಇನ್ನೊಂದು ಕಥೆಯಿತ್ತು. ಬೈಂದೂರಿನ ಒಳನಾಡಿನಲ್ಲಿ, ಮುದೂರು ಜಡ್ಕಲ್ ಮುಂತಾದ ಘಟ್ಟದ ಬುಡದ ಊರುಗಳಲ್ಲಿ, ಕೇರಳದಿಂದ ಬಂದು ರಬ್ಬರ್ ತೋಟ ಮಾಡಿಕೊಂಡು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳಿವೆ. ಅಂಥದೊಂದು ಮನೆಯ ಹಿರಿಯಾಕೆ ಹೇಳಿದ ಕಥೆ ಅದು. ಅದರ ನಾಯಕ ಕಡಮಟ್ಟತ್ತು ಕತ್ತನಾರ್; ವೃತ್ತಿಯಿಂದ ಇಗರ್ಜಿಯ ಪಾದ್ರಿ, ವಿದ್ಯೆಯಿಂದ ಮಹಾಮಾಂತ್ರಿಕ! ದಾರಿತಪ್ಪಿ ಮಾಂತ್ರಿಕರ ಕೈಗೆ ಸಿಕ್ಕಿ, ಅವರ ವಿದ್ಯೆಯನ್ನೆಲ್ಲ ಕಲಿತು, ಮರಳಿ ಬಂದು ಯಕ್ಷಿಯರನ್ನು ಹದ್ದಿನಲ್ಲಿಟ್ಟು ಊರನ್ನು ಕಾದವನೆಂದು ಪ್ರತೀತಿ. ಕೊಟ್ಟಾರತ್ತಿಲ್ ಶಂಕುಣ್ಣಿಯವರು ತಮ್ಮ ‘ಐತಿಹ್ಯಮಾಲೆ’ಯಲ್ಲಿ ಈ ಕಥೆಗೆ ಸ್ಥಾನ ಕೊಟ್ಟಿದ್ದಾರೆ. ಕ್ರೈಸ್ತರ ಮನೆಗಳಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದ ಮಾಯೆಯ ಕಥೆ ಇದು. ಅದರ ನಾಯಕನೇ ಒಬ್ಬ ಗುರು. ಈ ಕಥೆ ಕೇಳಿ ಯಾವ ಮನೆಯವರೂ ಪೂಜೆಯನ್ನು ಬಿಟ್ಟು ಮಂತ್ರಕ್ಕೆ ಹೊರಟಂತಿಲ್ಲ.

ಕನ್ನಡನಾಡಿನ ಇತಿಹಾಸವನ್ನು ನೋಡಿದರೂ ಇಂಥದೇ ಒಂದು ಸಂಗತಿ ಎದುರಾಗುತ್ತದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಒಬ್ಬರಾದ ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಎಲ್ಲರೂ ಬಲ್ಲ ವಿಷಯ. ಅದೇ ಮೋಗ್ಲಿಂಗರು ‘ಬಿಬ್ಲಿಯೋತೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದರು. ಜೈಮಿನಿಯಲ್ಲಿ ಅದ್ಭುತಕ್ಕೆ ಕೊರತೆಯೇ? ಮಕ್ಕಳ ಮನರಂಜನೆಗಾಗಿ ಅವರು ಅದನ್ನು ಮುದ್ರಿಸಲಿಲ್ಲವೆಂಬುದು ನಿಜ. ಆದರೆ ಒಂದು ಜನದ ಕಲ್ಪನೆಯನ್ನು ಅರಿಯದೆ ಆ ಜನದೊಡನೆ ಮಾತನಾಡಲು ಬಾರದೆಂಬುದನ್ನು ಆ ಮಿಶನರಿ ತಿಳಿದಿದ್ದರು. ಮಕ್ಕಳೂ ಒಂದು ಜನವೇ ಅಲ್ಲವೆ?

ಇನ್ನು ಪಶ್ಚಿಮದೇಶಗಳ ಮಾತು. ಮಾತನಾಡುವ ಸಿಂಹದ, ಮಾಟಗಾತಿಯ ‘ನಾರ್ನಿಯಾ’ ಕಥೆಗಳ ಏಳು ಪುಸ್ತಕಗಳನ್ನು 1950ರಿಂದ 1956ರ ಒಳಗೆ ಪ್ರಕಟಿಸಿದ ಸಿ. ಎಸ್. ಲೂಯಿಸರು ಕ್ರೈಸ್ತಧರ್ಮದ ಸಮರ್ಥನೆಗೆ ಹೆಸರಾದ ಲೇಖಕರು. ಅವರ ಗೆಳೆಯ, ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ನರು ನಿಷ್ಠಾವಂತ ಕಥೋಲಿಕರು. ಸೃಷ್ಟಿಕರ್ತನ ಸ್ವರೂಪದಲ್ಲಿ ನಿರ್ಮಿತನಾದ ಮನುಷ್ಯನಿಗೆ ತಾನೂ ಕಿರಿದಾದ ಲೋಕಗಳನ್ನು ಕಲ್ಪಿಸುವ ಅಧಿಕಾರವಿದೆ ಎಂಬುದು 1939ರಲ್ಲಿ ಅವರು ಮಾಡಿದ ಒಂದು ಉಪನ್ಯಾಸದ ಸಾರ. ಆದರೆ 1997ರಲ್ಲಿ ಆರಂಭವಾದ ಹ್ಯಾರಿ ಪಾಟರನ ಕಥೆಗಳ ಬಗೆಗೆ ಅಭಿಪ್ರಾಯ ಒಂದೇ ಆಗಿರಲಿಲ್ಲ. ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರರು 2003ರಲ್ಲಿ ಜರ್ಮನ್ ಲೇಖಕಿಯೊಬ್ಬರಿಗೆ ಬರೆದ ಪತ್ರದಲ್ಲಿ, ಇಂಥ ಕಥೆಗಳ ಸೂಕ್ಷ್ಮವಾದ ಆಕರ್ಷಣೆಯ ಬಗೆಗೆ ಕಳವಳವನ್ನು ಸೂಚಿಸಿದರು. ಆ ಕಥೆಗಳಲ್ಲಿ ತ್ಯಾಗವನ್ನೂ ಸ್ನೇಹವನ್ನೂ ಕಂಡು ಮೆಚ್ಚಿದ ಕ್ರೈಸ್ತರೂ ಅನೇಕರಿದ್ದಾರೆ. ಹೀಗೆ ಹಿರಿಯರಲ್ಲಿಯೇ ಭಿನ್ನಾಭಿಪ್ರಾಯವಿರುವಾಗ ಕುಂದಾಪುರದ ಒಬ್ಬ ತಂದೆ ತತ್ತರಿಸಿದರೆ ತಪ್ಪೇನು?

ಒಂದು ಭಾನುವಾರ ಪೂಜೆ ಮುಗಿಸಿ ಬರುವಾಗ ಹುಡುಗನೇ ವಿಷಯವನ್ನು ಎತ್ತಿದ. 1570ರಲ್ಲಿ ಸ್ಥಾಪಿತವಾಯಿತೆನ್ನುವ ಕುಂದಾಪುರದ ರೋಸರಿ ಮಾತೆಯ ಇಗರ್ಜಿಗೂ ಸಂತ ಜೋಸೆಫ್ ವಾಜರಿಗೂ ನಂಟಿದೆ. ಹದಿನೇಳನೆಯ ಶತಮಾನದಲ್ಲಿ ಕೆನರಾ ಪ್ರಾಂತದಲ್ಲಿ ಸೇವೆ ಸಲ್ಲಿಸಿ, ಬಳಿಕ ಸಿಂಹಳಕ್ಕೆ ಹೋದ ಆ ಗೋವೆಯ ಗುರುವನ್ನು 2015ರ ಜನವರಿಯಲ್ಲಿ ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸರು ಸಂತನೆಂದು ಘೋಷಿಸಿದರು. ಕುಂದಾಪುರದಲ್ಲಿದ್ದಾಗ ಅವರು ಪ್ರಾರ್ಥನೆಯಲ್ಲಿ ಮೈಮರೆತು ನೆಲದಿಂದ ಮೇಲಕ್ಕೆ ಎದ್ದಿದ್ದರೆಂಬುದು ಭಕ್ತರ ಪರಂಪರೆಯ ನಂಬಿಕೆ.

“ಪಪ್ಪಾ, ಫಾದರ್ ವಾಜ್ ಗಾಳಿಯಲ್ಲಿ ಎದ್ದದ್ದು ಸರಿಯಾದರೆ, ಆ ಪುಸ್ತಕದ ಹುಡುಗ ಹಾರಿದ್ದು ಯಾಕೆ ತಪ್ಪು?”

ತಂದೆ ನಿಂತುಬಿಟ್ಟರು. ಉತ್ತರ ಕೊಟ್ಟವರು ಅಜ್ಜಿ. “ಫಾದರ್ ವಾಜ್ ಹಾರಬೇಕೆಂದು ಕೇಳಲಿಲ್ಲ ಮಗಾ. ಅವರು ಮೊಣಕಾಲೂರಿ ದೇವರನ್ನು ನೆನೆದರು, ಎತ್ತಿದವನು ದೇವರು. ಪುಸ್ತಕದ ಹುಡುಗ ಹಾರಬೇಕೆಂದೇ ಪೊರಕೆ ಹತ್ತಿದ. ಅದು ಆಟ, ಇದು ಪ್ರಾರ್ಥನೆ. ಆಟವನ್ನು ಆಟವೆಂದು ತಿಳಿದರೆ ದೋಷವಿಲ್ಲ.”

ಪ್ರಾರ್ಥನೆಗೂ ಮಾಟಕ್ಕೂ ಇರುವ ಭೇದವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಪ್ರಾರ್ಥಿಸುವವನು ತನ್ನ ಇಚ್ಛೆಯನ್ನು ದೇವರ ಇಚ್ಛೆಗೆ ಒಪ್ಪಿಸುತ್ತಾನೆ. ಮಾಟ ಮಾಡಿಸುವವನು ಕಾಣದ ಶಕ್ತಿಯನ್ನು ತನ್ನ ಇಚ್ಛೆಗೆ ಬಗ್ಗಿಸಲು ನೋಡುತ್ತಾನೆ. ಕಥೆ ಇವೆರಡೂ ಅಲ್ಲ. ಬೈಬಲಿನಲ್ಲಿಯೇ ಮರಗಳೆಲ್ಲ ಸೇರಿ ತಮಗೊಬ್ಬ ಅರಸನನ್ನು ಹುಡುಕಹೊರಟ ಕಥೆಯನ್ನು ಯೋತಾಮನು ಜನರಿಗೆ ಹೇಳುತ್ತಾನೆ. ಅದನ್ನು ಕೇಳಿದವರು ಯಾರೂ ಮುಳ್ಳಿನ ಪೊದೆಯು ನಿಜವಾಗಿ ಮಾತನಾಡಿತೆಂದು ತಿಳಿಯಲಿಲ್ಲ. ಅಯೋಗ್ಯನ ಕೈಗೆ ರಾಜ್ಯ ಕೊಟ್ಟರೆ ಏನಾಗುವುದೆಂದು ತಿಳಿದರು. ‘ಒಂದೂರಿನಲ್ಲಿ ಒಬ್ಬ ರಾಜ’ ಎಂದೊಡನೆ ಮಗು ಬೇರೊಂದು ಅಂಗಳಕ್ಕೆ ಕಾಲಿಡುತ್ತದೆ. ಕಥೆ ಮುಗಿದೊಡನೆ ಊಟಕ್ಕೆ ಮರಳುತ್ತದೆ.

ತಂದೆಗೆ ಇದು ಒಪ್ಪಿಗೆಯಾದಂತೆ ಕಂಡರೂ ಪುಸ್ತಕವು ಕಪಾಟಿನಿಂದ ಕೆಳಗಿಳಿಯಲಿಲ್ಲ. ಅದನ್ನು ಇಳಿಸಿದ ಸಂಗತಿಯೇ ಬೇರೆ.

ಶ್ರಾವಣದಲ್ಲಿ ಕಿರಿಯ ಮಗಳಿಗೆ ಜ್ವರ ಬಂದಿತು. ನಾಲ್ಕು ದಿನವಾದರೂ ಬಿಡಲಿಲ್ಲ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಔಷಧ ಕೊಟ್ಟು, ಹೆದರಬೇಡಿರೆಂದು ಹೇಳಿದ್ದರು. ಆದರೆ ನಡುರಾತ್ರಿಯಲ್ಲಿ ಮಗು ಕನವರಿಸುವಾಗ ವೈದ್ಯರ ಮಾತು ಹೆತ್ತವರ ಕಿವಿಯಲ್ಲಿ ನಿಲ್ಲುವುದು ಕಷ್ಟ. “ದೃಷ್ಟಿಯಾಗಿರಬೇಕು, ಒಂದು ನೂಲು ಮಂತ್ರಿಸಿ ತರಿಸಿ,” ಎಂದು ಹಿತೈಷಿಯೊಬ್ಬರು ಹೇಳಿದರು. ಐದನೆಯ ದಿನ ಸಂಜೆ ಮಗುವಿನ ಮುಂಗೈಯಲ್ಲಿ ಕರಿಯ ನೂಲೊಂದು ಕಾಣಿಸಿತು. ತಂದೆಯೇ ಯಾರಿಗೂ ತಿಳಿಯದಂತೆ ಹೋಗಿ ತಂದು ಕಟ್ಟಿದ್ದರು.

ತೇರ್ಸ್ ಆರಂಭವಾಗುವ ಮುಂಚೆ ಅಣ್ಣ ಅದನ್ನು ಕಂಡ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ತಿಳಿಯದ ಮಗುವಿನ ಕುತೂಹಲ ಮಾತ್ರ ಇತ್ತು. “ಪಪ್ಪಾ, ಇದು ಕಥೆಯಲ್ಲವಲ್ಲ?” ಎಂದು ಕೇಳಿದ.

ಯಾರೂ ಮಾತನಾಡಲಿಲ್ಲ. ಅಜ್ಜಿ ಜಪಸರದ ಮಣಿಗಳ ಮೇಲೆ ಕಣ್ಣಿಟ್ಟಿದ್ದರು. ತಂದೆ ಮೊಣಕಾಲೂರಿದವರು ಎದ್ದು, ಮಲಗಿದ್ದ ಮಗಳ ಹತ್ತಿರ ಹೋಗಿ, ನೂಲಿನ ಗಂಟನ್ನು ನಿಧಾನವಾಗಿ ಬಿಚ್ಚಿದರು. ಆ ಕೈ ನಡುಗುತ್ತಿದ್ದುದನ್ನು ಹೆಂಡತಿ ಕಂಡರು. ನೂಲು ಬಿಚ್ಚುವುದಕ್ಕೂ ಧೈರ್ಯ ಬೇಕಾಗಿತ್ತು. ನಂಬಿಕೆಯಿಲ್ಲದ ವಸ್ತುವಿಗೂ ಭಯದ ಹೊತ್ತಿನಲ್ಲಿ ಎಷ್ಟು ಬಲ ಬರುತ್ತದೆಂಬುದು ಅವರಿಗೆ ಅಂದು ತಿಳಿಯಿತು. ಎಫೆಸದವರು ಸುಟ್ಟದ್ದು ಮಕ್ಕಳ ಕಥೆಗಳನ್ನಲ್ಲ, ಇಂಥ ನೂಲುಗಳನ್ನು ಎಂಬುದೂ ಹೊಳೆದಿರಬೇಕು.

ಔಷಧವು ತನ್ನ ಕೆಲಸ ಮಾಡಿತು. ಏಳನೆಯ ದಿನ ಜ್ವರ ಇಳಿಯಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಮಗು ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಹೋಗಿ, ಆಶೀರ್ವದಿಸಿದ ಹೊಸ ತೆನೆಯೊಂದಿಗೆ ಮನೆಗೆ ಬಂದಿತು. ಮಧ್ಯಾಹ್ನ ಹೊಸ ಅಕ್ಕಿಯ ಊಟವಾದ ಬಳಿಕ ತಂದೆ ಕುರ್ಚಿಯ ಮೇಲೆ ಹತ್ತಿ ಕಪಾಟಿನ ಮೇಲಿದ್ದ ಪುಸ್ತಕವನ್ನು ತೆಗೆದು ಧೂಳು ಒರೆಸಿದರು.

“ಒಂದು ಷರತ್ತು,” ಎಂದರು ಮಗನಿಗೆ. “ದಿಂಬಿನ ಕೆಳಗೆ ಇಡಬಾರದು. ಇಲ್ಲಿ, ನಡುಮನೆಯಲ್ಲಿ, ಗಟ್ಟಿಯಾಗಿ ಓದು. ನನಗೆ ಅರ್ಥವಾಗದ್ದನ್ನು ನಾನು ಕೇಳುತ್ತೇನೆ. ನಿನಗೆ ಅರ್ಥವಾಗದ್ದನ್ನು ನೀನು ಕೇಳು.”

ಮಕ್ಕಳು ಓದುವುದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕೆಂದು ಇದರ ಅರ್ಥವಲ್ಲ. ಎಲ್ಲ ಪುಸ್ತಕವೂ ಎಲ್ಲ ವಯಸ್ಸಿಗೂ ಹಿತವಲ್ಲ. ಕ್ರೌರ್ಯದಲ್ಲಿ ರುಚಿ ಹುಟ್ಟಿಸುವ ಕಥೆಯನ್ನು, ಅದರಲ್ಲಿ ಮಾಟವಿರಲಿ ಇಲ್ಲದಿರಲಿ, ದೂರವಿಡುವ ಹೊಣೆ ತಾಯಿತಂದೆಯರದೇ. ಆದರೆ ಕಪಾಟಿನ ಮೇಲೆ ಹೋದ ಪುಸ್ತಕವನ್ನು ಮಗು ಇನ್ನೊಂದು ಮನೆಯಲ್ಲಿ, ಕೇಳುವವರಿಲ್ಲದ ಮೂಲೆಯಲ್ಲಿ, ಓದಿಯೇ ಓದುತ್ತದೆ. ಮೇಜಿನ ಮೇಲಿದ್ದ ಪುಸ್ತಕದ ಸುತ್ತ ಮನೆಯೆಲ್ಲ ಕೂಡುತ್ತದೆ.

ಈಗ ಆ ಮನೆಯಲ್ಲಿ ತೇರ್ಸ್ ಮುಗಿದ ಮೇಲೆ ಒಂದು ದಿನ ಅಜ್ಜಿಯ ಕಥೆ, ಒಂದು ದಿನ ಮೊಮ್ಮಗನ ಓದು. ಇಂಗ್ಲಿಷ್ ಬಾರದ ಅಜ್ಜಿಗೆ ಹುಡುಗ ಕೊಂಕಣಿಯಲ್ಲಿ ಅರ್ಥ ಹೇಳುತ್ತಾನೆ. ಕೇಳುತ್ತ ಕೇಳುತ್ತ ಅಜ್ಜಿ ಒಮ್ಮೊಮ್ಮೆ, “ಇದು ನಮ್ಮ ಮಂದಾರ್ತಿ ಆಟದ ಹಾಗೆಯೇ ಉಂಟಲ್ಲ!” ಎನ್ನುತ್ತಾರೆ. ತಂದೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿರುತ್ತಾರೆ. ಆದರೆ ಕಥೆ ಬಿಗಿಯಾದಾಗ ಪತ್ರಿಕೆಯ ಪುಟ ಮಗುಚುವ ಸದ್ದು ನಿಂತುಹೋಗುವುದನ್ನು ಮನೆಯವರೆಲ್ಲ ಗಮನಿಸಿದ್ದಾರೆ.