ಮೀನುಗಳ ಡ್ಯೂಟಿ

ಕರಾವಳಿಯಲ್ಲಿ ಮೀನೆಂದರೆ ಬುಟ್ಟಿಯಲ್ಲೋ ಬಾಣಲೆಯಲ್ಲೋ ಸಿಗುವಂಥದ್ದು. ಕಿವಿರು ಎತ್ತಿ ನೋಡಿ ಬಂಗಡೆ ತಾಜಾ ಹೌದೋ ಅಲ್ಲವೋ ಎಂದು ಹೇಳಿಬಿಡುವವರು ಮನೆಗೊಬ್ಬರು ಇದ್ದಾರೆ. ಆದರೆ ನೀರಿನೊಳಗೆ ಮೀನಿಗೆ ದಿನವಿಡೀ ಏನು ಕೆಲಸ ಎಂದು ಕೇಳಿ ನೋಡಿ, ನಗುತ್ತಾರೆ. ಉತ್ತರ ಬೇಕಿದ್ದರೆ ಮುರುಡೇಶ್ವರದಲ್ಲಿ ಬೋಟು ಹತ್ತಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಹೋಗಬೇಕು. ಮಳೆಗಾಲದಲ್ಲಿ ಬೇಡ, ಆಗ ಡೈವಿಂಗೇ ಇರುವುದಿಲ್ಲ.

ಆಕಾಶದಿಂದ ತೆಗೆದ ಫೋಟೊದಲ್ಲಿ ಈ ದ್ವೀಪ ಹೃದಯದಂತೆ ಕಾಣುತ್ತದೆ. ಬೋಟಿನಿಂದ ನೋಡಿದರೆ ಕಡಿದಾದ ಬಂಡೆ, ನೆತ್ತಿಯ ಮೇಲೆ ಕಾಡು, ಹರಕೆ ಹೊತ್ತವರು ಬಿಟ್ಟುಹೋದ ಆಡುಗಳು, ಬಿಳಿಹೊಟ್ಟೆಯ ಕಡಲಹದ್ದು, ಇಷ್ಟೆ. ನೌಕಾಪಡೆ ಇದೇ ಬಂಡೆಗೆ ಗುರಿಯಿಟ್ಟು ಗುಂಡು ಹಾರಿಸುವ ಅಭ್ಯಾಸ ಮಾಡಿದ್ದೂ ಉಂಟು.

ನೀರಿಗಿಳಿದ ಮೇಲೆ ಮೊದಲು ಎದುರಾಗುವುದು ಸದ್ದು. ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಎಲ್ಲ ಕಡೆಯಿಂದಲೂ ಚಟಪಟ. ಬೆರಳುದ್ದದ ಒಂದು ಜಾತಿಯ ಸಿಗಡಿ ತನ್ನ ದೊಡ್ಡ ಕೊಂಡಿಯನ್ನು ಫಟ್ಟನೆ ಮುಚ್ಚುತ್ತದೆ. ಆ ರಭಸಕ್ಕೆ ಹುಟ್ಟಿದ ಗುಳ್ಳೆ ಒಡೆಯುವ ಸದ್ದು ಅದು. ಇನ್ನೊಂದು ಸದ್ದು ಕರಕರ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಬಂಡೆಯ ಪಾಚಿ ಕೆರೆದು ತಿನ್ನುತ್ತಿದೆ. ಪಾಚಿಯ ಜತೆ ಹವಳದ ಚೂರೂ ಹೊಟ್ಟೆಗೆ ಹೋಗುತ್ತದೆ. ಗಂಟಲಲ್ಲಿ ಇನ್ನೊಂದು ಸಾಲು ಹಲ್ಲುಗಳಿವೆ, ಚೂರೆಲ್ಲ ಅಲ್ಲಿ ಪುಡಿಯಾಗುತ್ತದೆ. ಹತ್ತಿರ ಹೋದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾಲ್ಕು ಬಾರಿ ಕಚ್ಚಿ, ಮುಂದೆ ಸರಿದು, ಹಿಂದಿನಿಂದ ಬಿಳಿ ಮೋಡದಂತೆ ಮರಳು ಬಿಡುತ್ತದೆ. ದೊಡ್ಡ ಜಾತಿಯದಾದರೆ ವರ್ಷಕ್ಕೆ ನೂರಾರು ಕಿಲೋ. ಉಷ್ಣವಲಯದ ದ್ವೀಪಗಳ ಬೆಳ್ಳನೆಯ ಬೀಚುಗಳ ಮೇಲೆ ಮಧುಚಂದ್ರಕ್ಕೆ ಹೋಗಿ ಮಲಗುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಬಂಡೆಯ ಒಂದು ಮೂಲೆಯಲ್ಲಿ ದೊಡ್ಡ ಮೀನುಗಳು ಸರದಿ ಕಾಯುತ್ತಿರುತ್ತವೆ. ಕ್ಲೀನರ್ ರಾಸ್ ಎಂಬ ನೀಲಿ ಪಟ್ಟೆಯ ಪುಟ್ಟ ಮೀನು ಅವುಗಳ ಮೈಗಂಟಿದ ಹೇನಿನಂಥ ಹುಳುಗಳನ್ನು ಹೆಕ್ಕುತ್ತದೆ, ಬಾಯೊಳಗೂ ನುಗ್ಗುತ್ತದೆ. ಆಸೆ ತಡೆಯದೆ ಆಗಾಗ ಗಿರಾಕಿಯ ಮೈಯ ಲೋಳೆಯನ್ನೇ ಕಚ್ಚಿಬಿಡುತ್ತದೆ. ಗಿರಾಕಿ ಮೈ ಕೊಡವಿ ಹೊರಟೇ ಹೋಗುತ್ತದೆ. ನನ್ನನ್ನು ಕೇಳಿದರೆ, ಅದೃಷ್ಟವಿದ್ದವರಿಗಷ್ಟೇ ಸಿಗುವ ವೇಲ್ ಶಾರ್ಕಿಗಾಗಿ ಕಣ್ಣು ಬಿಟ್ಟುಕೊಂಡು ತೇಲುವ ಬದಲು ಇಲ್ಲಿ ನಿಲ್ಲುವುದೇ ಲಾಭ.

ಬಿರುಕಿನಲ್ಲಿ ಬಾಯಿ ತೆರೆಯುತ್ತ ಮುಚ್ಚುತ್ತ ಕುಳಿತ ಮೋರೆ ಈಲ್ ಹೆದರಿಸುತ್ತಿಲ್ಲ, ಉಸಿರಾಡುತ್ತಿದೆ. ನಮ್ಮ ಬೋಟಿನ ಒಬ್ಬರು ಅದನ್ನು ಕಂಡ ಖುಷಿಗೆ ಹೆಬ್ಬೆರಳು ಎತ್ತಿ ‘ಸೂಪರ್’ ಎಂದರು. ನೀರಿನೊಳಗೆ ಹೆಬ್ಬೆರಳೆಂದರೆ ‘ಮೇಲಕ್ಕೆ ಹೋಗೋಣ’. ತರಬೇತುದಾರ ಅವರನ್ನು ಮೇಲಕ್ಕೆ ಕರೆತಂದೇಬಿಟ್ಟ.

“ನಾನೆಲ್ಲಿ ಬರ್ತೇನೆ ಅಂದೆ ಮಾರಾಯಾ?”

“ನೀವೇ ಅಲ್ವಾ ಸರ್ ಬೆರಳು ತೋರಿಸಿದ್ದು?”

ಇಬ್ಬರ ವಾದ ಮುರುಡೇಶ್ವರದವರೆಗೂ ಮುಗಿಯಲಿಲ್ಲ.