ವಲಾಂಡರನ ಕೊನೆಯ ಪುಟ

ವಾರಾಣಸಿಯ ಆಟೋದವರ ಬಾಯಲ್ಲಿ ‘ಕ್ಯಾಂಟ್’ ಎಂದರೆ ರೈಲು ನಿಲ್ದಾಣ. ನಾವಿರುವುದು ಅದರಾಚೆ, ಮರಗಳ ನೆರಳಿನ ಕಂಟೋನ್ಮೆಂಟಿನಲ್ಲಿ. ಕಾಶಿಯೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವ ಘಟ್ಟಗಳೂ ಗಲ್ಲಿಗಳೂ ಇಲ್ಲಿಲ್ಲ. ಈ ನಿಶ್ಶಬ್ದದಲ್ಲಿ ಸ್ವೀಡನ್ನಿನ ಪತ್ತೇದಾರಿ ಕಾದಂಬರಿಗಳನ್ನು ಓದುವುದು ನನಗೆ ಕೆಲವು ವರ್ಷಗಳ ಅಭ್ಯಾಸ. ಹೆನ್ನಿಂಗ್ ಮಾಂಕೆಲ್ ಅವರ ಇನ್ಸ್‌ಪೆಕ್ಟರ್ ವಲಾಂಡರನ ಮಾಲಿಕೆಗೆ ಮುಕ್ತಾಯ ಹಾಡಿದ ‘ದಿ ಟ್ರಬಲ್ಡ್ ಮ್ಯಾನ್’ ಅನ್ನು ಮಾತ್ರ ಬಹಳ ಕಾಲ ಮುಂದೂಡಿದ್ದೆ.

1991ರಲ್ಲಿ ಆರಂಭವಾದ ಮಾಲಿಕೆ 2009ರಲ್ಲಿ ಈ ಕೃತಿಯೊಡನೆ ಕೊನೆ ಮುಟ್ಟಿತು; ಲಾರಿ ಥಾಂಪ್ಸನ್ನರ ಇಂಗ್ಲಿಷ್ ಅನುವಾದ ಬಂದದ್ದು 2011ರಲ್ಲಿ. ಮಗಳು ಲಿಂಡಾಳ ಸಂಗಾತಿಯ ತಂದೆ, ನಿವೃತ್ತ ನೌಕಾಧಿಕಾರಿ, ಒಂದು ದಿನ ಕಾಣೆಯಾಗುತ್ತಾನೆ. ಹುಡುಕುತ್ತ ಹೋದರೆ ಎಂಬತ್ತರ ದಶಕದಲ್ಲಿ ಸ್ವೀಡನ್ನಿನ ಕಡಲಿಗೆ ನುಸುಳಿದ ಜಲಾಂತರ್ಗಾಮಿಗಳು, ಶೀತಲ ಸಮರದ ಬೇಹುಗಾರಿಕೆ. ಈ ಭಾಗ ಅಗತ್ಯಕ್ಕಿಂತ ದೀರ್ಘವೆಂದೇ ನನ್ನ ಅಭಿಪ್ರಾಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅರವತ್ತರ ವಲಾಂಡರ್ ತನ್ನ ಪಿಸ್ತೂಲನ್ನು ಹೋಟೆಲಿನಲ್ಲಿ ಮರೆತು ಬರುತ್ತಾನೆ. ಮುಂದೆ, ತಾನೇನು ಮಾಡುತ್ತಿದ್ದೆನೆಂಬುದೇ ಹೊಳೆಯದ ಕ್ಷಣಗಳು ಬರುತ್ತವೆ. ಯಾರೋ ಆಡಿದ ಅರ್ಧ ಮಾತನ್ನು ನೆನಪಿಟ್ಟು ಕೊಲೆಗಾರರನ್ನು ಹಿಡಿದವನು ಅವನು!

ನಮ್ಮೀ ಊರಿನಲ್ಲಿದ್ದು ಬರೆದ, ‘ಚಂದ್ರಕಾಂತಾ’ದ ಕರ್ತೃ ದೇವಕೀನಂದನ ಖತ್ರಿ 1913ರಲ್ಲಿ ತೀರಿಕೊಂಡಾಗ ‘ಭೂತನಾಥ’ ಅಪೂರ್ಣವಾಗಿತ್ತು. ಮಗ ದುರ್ಗಾಪ್ರಸಾದ ಅದನ್ನು ಪೂರೈಸಿದರು. ಸ್ವೀಡನ್ನಿನವರೇ ಆದ ಸ್ಟೀಗ್ ಲಾರ್ಸನ್ 2004ರಲ್ಲಿ ನಿಧನರಾದ ಮೇಲೆ ಅವರ ಪಾತ್ರಗಳನ್ನೂ ಬೇರೆಯವರು ಮುಂದುವರಿಸಿದರು. ಮಾಂಕೆಲ್ ಅಂಥ ಅವಕಾಶವನ್ನೇ ಉಳಿಸಲಿಲ್ಲ. ಕಡೆಯ ಕೆಲವೇ ಸಾಲುಗಳಲ್ಲಿ ವಲಾಂಡರನನ್ನು ಅಲ್ಜೈಮರ್ ಕಾಯಿಲೆಗೆ ಒಪ್ಪಿಸಿ, ಇನ್ನುಳಿದ ವರ್ಷಗಳು ಅಪ್ಪ ಮಗಳಿಗೆ ಸೇರಿದವು ಎಂಬಂತೆ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಬಿಡುತ್ತಾರೆ. (ಅಂತ್ಯವನ್ನು ಬಚ್ಚಿಟ್ಟು ಈ ಕಾದಂಬರಿಯ ಕುರಿತು ಮಾತಾಡುವುದು ನನಗೆ ಸಾಧ್ಯವಿಲ್ಲ.)

ಇದು ಕ್ರೂರವೆನ್ನುವವರಿರಬಹುದು. ನನಗೆ ಅದು ಮರ್ಯಾದೆಯಾಗಿ ಕಂಡಿತು. ನಮ್ಮ ತಂದೆಯವರನ್ನು ನೋಡಲು ಬರುವವರು, “ನಾನು ಯಾರು ಹೇಳಿ ನೋಡೋಣ” ಎಂದು ಪರೀಕ್ಷಿಸುವಾಗಲೆಲ್ಲ ಅಂಥದೊಂದು ಬಾಗಿಲು ನಮಗೂ ಬೇಕಿತ್ತೆನಿಸುತ್ತದೆ.

ಅಪ್ಪ ಪ್ರಾಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಅಭಿಮಾನಿ. ಈಗ ಪುಸ್ತಕ ಹಿಡಿದರೆ ಪುಟ ತಿರುವುವುದಿಲ್ಲ. ಹಾಗಾಗಿ ಸಂಜೆ ನಾನೇ ವಲಾಂಡರನ ಕಥೆಯನ್ನು ಕನ್ನಡದಲ್ಲಿ ಹೇಳುತ್ತೇನೆ. ಮರುದಿನ ಅದು ಮತ್ತೆ ಹೊಸ ಕಥೆ. ನೌಕಾಧಿಕಾರಿ ಮತ್ತೊಮ್ಮೆ ಕಾಣೆಯಾಗುತ್ತಾನೆ, ಅಪ್ಪ ಮತ್ತೊಮ್ಮೆ ಅವನ ಹೆಂಡತಿಯನ್ನೇ ಸಂಶಯಿಸುತ್ತಾರೆ. ಆ ಸಂಶಯದಲ್ಲಿ ಅವರ ಹಳೆಯ ಚುರುಕು ಹಾಗೆಯೇ ಇದೆ.

ಮೊನ್ನೆ ಮಾತ್ರ, ಎಂದೂ ಕೇಳದಿದ್ದುದನ್ನು ಕೇಳಿದರು: “ಕೊನೆಗೆ ಆ ಇನ್ಸ್‌ಪೆಕ್ಟರ್ ಏನಾದನಮ್ಮ?”

“ಮಗಳಿದ್ದಾಳಪ್ಪ, ನೋಡ್ಕೋತಾಳೆ” ಎಂದೆ.

“ಒಳ್ಳೇದಾಯ್ತು. ಅಲ್ಲಾ, ಕದ್ದವನು ಸಿಕ್ಕಿದನೇ?”