ಪಟ್ಟಿಯಲ್ಲಿಲ್ಲದ ಒಂದು ಬಹುಮಾನ



ಈ ಸ್ಮರಣ ಸಂಚಿಕೆಯ ಕಡೆಯ ಪುಟಗಳಲ್ಲಿ ನಮ್ಮ ಶಾಲೆಗೆ ದೊರೆತ ಬಹುಮಾನಗಳ ಪಟ್ಟಿಯಿರುವುದಷ್ಟೆ. ೨೦೧೪ನೆಯ ಇಸವಿಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ದೊರೆತ ಎರಡನೆಯ ಬಹುಮಾನವು ಅದರಲ್ಲಿ ಕಾಣಿಸದು. ಅಚ್ಚಿನ ಕರಡನ್ನು ನೋಡಿದ ಕೆಲವರು, ಇದು ಕಣ್ತಪ್ಪಿನಿಂದ ಬಿಟ್ಟುಹೋಗಿರಬಹುದೆಂದು ನಮಗೆ ತಿಳಿಸಿದರು. ಬಿಟ್ಟುಹೋದುದಲ್ಲ, ನಾವೇ ತೆಗೆಯಿಸಿದೆವು. ಅದರ ಕಾರಣವನ್ನು ನಿಮ್ಮ ಮುಂದಿಡುವುದು ನಮ್ಮ ಕರ್ತವ್ಯವೆಂದೆಣಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಆ ಕಾಲದಲ್ಲಿ ನಾವು ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದೆವು. ಕಮಲಾಪುರದ ಒಬ್ಬ ಹುಡುಗಿ ನಮ್ಮ ಬೋರ್ಡಿಂಗಿನಲ್ಲಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಕಮಲಾಪುರದ ಕೆಂಪು ಬಾಳೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿ ಯಾರು? ಆಕೆಯ ತಂದೆಗೂ ಅಂಥ ಒಂದು ಚಿಕ್ಕ ತೋಟವಿತ್ತು. ಬಾಳೆಯು ನೀರನ್ನು ಬಹಳವಾಗಿ ಬೇಡುವ ಗಿಡ. ಅವರ ಬಾವಿಯಲ್ಲಿಯೋ ನೀರು ಅಷ್ಟಕ್ಕಷ್ಟೆ. ಆದಕಾರಣ ಮಣ್ಣು ಒಣಗಿದೊಡನೆ ಗಂಟೆ ಬಾರಿಸಿ ತಿಳಿಸುವ ಒಂದು ಪುಟ್ಟ ಯಂತ್ರವನ್ನು ಆಕೆ ಮಾಡಿದಳು. ಎರಡು ಕಬ್ಬಿಣದ ಮೊಳೆಗಳನ್ನು ಮಣ್ಣಿನಲ್ಲಿ ಊರಿ ಅವುಗಳ ನಡುವೆ ವಿದ್ಯುತ್ತನ್ನು ಹರಿಸಲಾಗಿ, ಹಸಿಮಣ್ಣಿನಲ್ಲಿ ಅದು ಸುಲಭವಾಗಿ ಹರಿಯುವುದು, ಒಣಮಣ್ಣಿನಲ್ಲಿ ತಡೆಯುವುದು, ತಡೆದೊಡನೆ ಗಂಟೆಯಾಗುವುದು. ಯುಕ್ತಿ ಇಷ್ಟೇ.

ಆದರೆ ಕೆಲವು ವಾರ ಪರೀಕ್ಷಿಸುವಷ್ಟರಲ್ಲಿ ಮೊಳೆಗಳಿಗೆ ತುಕ್ಕು ಹಿಡಿದು, ಕಲಬುರಗಿಯಲ್ಲಿ ಪ್ರದರ್ಶನ ನಡೆದ ಮುಂಜಾನೆ ಆ ಯಂತ್ರವು ನೀರೆರೆದ ಮಣ್ಣಿನಲ್ಲಿಯೂ ಗಂಟೆ ಬಾರಿಸತೊಡಗಿತು. ತೀರ್ಪುಗಾರರು ಬರುವುದಕ್ಕೆ ಅರ್ಧ ಗಂಟೆಯಿತ್ತು. ನಾವು ಮೊಳೆಯ ತಂತಿಗಳನ್ನು ಬಿಚ್ಚಿಸಿ, ಮೇಜಿನ ಹಾಸಿನ ಕೆಳಗೆ ಒಂದು ಗುಂಡಿಯನ್ನು ಕಟ್ಟಿಸಿ, “ಒಣಮಣ್ಣು ತೋರಿಸುವಾಗ ಮೊಣಕಾಲಿನಿಂದ ಒತ್ತು” ಎಂದು ಹೇಳಿದೆವು. ಆಕೆ ನಮ್ಮ ಮುಖವನ್ನು ಒಮ್ಮೆ ನೋಡಿದಳು. ಬಳಿಕ ಹೇಳಿದಂತೆಯೇ ಮಾಡಿದಳು. ಬಹುಮಾನ ಬಂದಿತು. ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗಿಸಿದೆವು.

ಹತ್ತು ವರುಷಗಳು ಕಳೆದವು. ಆ ಹುಡುಗಿ ಇಂಜಿನಿಯರಾಗಿ, ಮೂವರು ಗೆಳೆಯರೊಡನೆ ಬೆಂಗಳೂರಿನಲ್ಲಿ ಒಂದು ಸಣ್ಣ ಸಂಸ್ಥೆಯನ್ನು ಕಟ್ಟಿ, ಮಣ್ಣಿನ ತೇವವನ್ನು ಅಳೆಯುವ ಕೋಲೊಂದನ್ನು ತಯಾರಿಸಿದ್ದಳು. ೨೦೨೪ರ ನವೆಂಬರಿನಲ್ಲಿ ಅರಮನೆ ಮೈದಾನದಲ್ಲಿ ನಡೆದ ಬೆಂಗಳೂರು ಟೆಕ್ ಸಮ್ಮಿಟ್ಟಿಗೆ ನಮ್ಮನ್ನು ಕರೆದಳು. ರಾತ್ರಿಯ ರೈಲು ಹತ್ತಿ ಹೋದೆವು. ದೊಡ್ಡ ಸಂಸ್ಥೆಗಳ ಮಳಿಗೆಗಳು ದೀಪಗಳಿಂದ ಬೆಳಗುತ್ತಿದ್ದವು. ಸ್ಟಾರ್ಟಪ್‌ಗಳೆಂದು ಕರೆಯಿಸಿಕೊಳ್ಳುವ ಎಳೆಯ ಸಂಸ್ಥೆಗಳಿಗೆ ಸಾಲಾಗಿ ಇಕ್ಕಟ್ಟಾದ ಸ್ಥಳಗಳು. ಒಂದೊಂದರಲ್ಲಿಯೂ ಯಾರೋ ಎಳೆಯರು ನಿಂತು, ಬಂದವರಿಗೆಲ್ಲ ಅದೇ ಮಾತನ್ನು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು.

ಇಂಥ ಮೇಳಗಳ ಮಹಿಮೆ ಸಣ್ಣದಲ್ಲ. ೧೯೯೮ರ ಅಕ್ಟೋಬರಿನಲ್ಲಿ ಇದೇ ಬೆಂಗಳೂರಿನ ಐಟಿ.ಕಾಂ ಮೇಳದೊಡನೆ ನಡೆದ ವಿಚಾರಗೋಷ್ಠಿಯೊಂದರ ಸಿದ್ಧತೆಯಲ್ಲಿ ಸಿಂಪ್ಯೂಟರ್ ಎಂಬ ಕೈಗಣಕದ ಕಲ್ಪನೆ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ, ಓದುಬರಹ ಬಾರದ ಹಳ್ಳಿಗರಿಗೂ ಉಪಯೋಗವಾಗುವಂತೆ, ಒಂದೇ ಯಂತ್ರವನ್ನು ಊರಿನ ಹಲವರು ತಂತಮ್ಮ ಸ್ಮಾರ್ಟ್ ಕಾರ್ಡುಗಳನ್ನಿಟ್ಟು ಬಳಸುವಂತೆ ಅದನ್ನು ರೂಪಿಸಿದರು. ೨೦೦೧ರಲ್ಲಿ ಮಾದರಿಯನ್ನು ಕಂಡು ವಿದೇಶದ ಪತ್ರಿಕೆಗಳೂ ಹೊಗಳಿದವು. ಆದರೆ ಅದು ಅಮಿಡಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದುದು ೨೦೦೪ರಲ್ಲಿ, ಎಣಿಸಿದಷ್ಟು ಮಾರಾಟವಾಗಲಿಲ್ಲ. ೨೦೧೦ರ ಜನವರಿಯಲ್ಲಿ ನೋಷನ್ ಇಂಕ್ ಎಂಬ ಬೆಂಗಳೂರಿನ ಸಣ್ಣ ಸಂಸ್ಥೆಯು ಅಮೆರಿಕದ ಲಾಸ್ ವೇಗಸ್ ಮೇಳದಲ್ಲಿ, ಬಿಸಿಲಿನಲ್ಲಿಯೂ ಓದಬಹುದಾದ ಪರದೆಯುಳ್ಳ ಆಡಮ್ ಎಂಬ ಟ್ಯಾಬ್ಲೆಟ್ಟನ್ನು ತೋರಿಸಿ ಮೆಚ್ಚುಗೆ ಪಡೆಯಿತು. ಅದೇ ತಿಂಗಳಿನಲ್ಲಿ ಆಪಲ್ ಸಂಸ್ಥೆಯು ಪ್ರಕಟಿಸಿದ ಐಪ್ಯಾಡ್ ಏಪ್ರಿಲಿನಲ್ಲಿಯೇ ಅಂಗಡಿಗೆ ಬಂದಿತು. ಆಡಮ್ ಕೊಂಡವರ ಕೈ ಸೇರುವಾಗ ೨೦೧೧ ಬಂದಿತ್ತು. ತೋರಿಸುವ ದಿನಕ್ಕೂ ತಲುಪಿಸುವ ದಿನಕ್ಕೂ ನಡುವಣ ದಾರಿ ಬಲು ಉದ್ದ. ಆ ದಾರಿಗೆ ಜನರ ನಂಬಿಕೆಯೇ ಬುತ್ತಿ.

ನಮ್ಮ ಹುಡುಗಿಯ ಮಳಿಗೆಗೆ ಹೋಗಲಾಗಿ, ನೂರು ಕೋಲುಗಳನ್ನು ಕೊಳ್ಳುವ ಮನಸ್ಸುಳ್ಳ ಒಬ್ಬರು ಅಲ್ಲಿ ನಿಂತಿದ್ದರು. ಅದರಲ್ಲಿ ಲೋಹವು ಮಣ್ಣಿಗೆ ತಗಲದಂತೆ ಹೊದಿಕೆಯಿದ್ದುದರಿಂದ ತುಕ್ಕಿನ ಭಯವಿರಲಿಲ್ಲ. “ಎರೆಮಣ್ಣಿಗೂ ನಡೆಯುವುದೋ?” ಎಂದು ಅವರು ಕೇಳಿದರು. “ಇಲ್ಲ. ನಮ್ಮೂರಿನ ಕೆಂಪುಮಣ್ಣಿನಲ್ಲಿ ಸರಿಯಾಗಿ ಹೇಳುತ್ತದೆ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ಕೋಲಿನ ಸುತ್ತ ಗಾಳಿ ಸೇರುತ್ತದೆ, ಆಗ ಲೆಕ್ಕ ತಪ್ಪುತ್ತದೆ” ಎಂದಳು. ಅವರು ವಂದಿಸಿ ಮುಂದಿನ ಮಳಿಗೆಗೆ ನಡೆದರು.

“ಬಂದ ಗಿರಾಕಿಯನ್ನು ಕಳೆದುಕೊಂಡೆಯಲ್ಲಾ, ಮಗಳೇ” ಎಂದೆವು. ಆಕೆ ನಕ್ಕು, “ಅಕ್ಕೋರೆ, ಅವರ ಹೊಲ ಒಣಗಿದ್ರ, ಮೇಜಿನ ಕೆಳಗ ಕೂತು ಗುಂಡಿ ಒತ್ತವ್ರು ಯಾರ್ರಿ?” ಎಂದಳು. ಅದರಲ್ಲಿ ಚುಚ್ಚುವ ಭಾವ ಎಳ್ಳಷ್ಟೂ ಇರಲಿಲ್ಲ. ಆದಕಾರಣವೇ ನಮಗೆ ತಲೆಯೆತ್ತಲಾಗಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ದಿನ ಕಮಲಾಪುರಕ್ಕೆ ಹೋಗಿ ಆಕೆಯ ತಂದೆಯವರನ್ನು ಕಂಡು, ನಡೆದುದನ್ನು ಹೇಳಿ ಕ್ಷಮೆ ಬೇಡಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, “ಮಗಳು ಅವತ್ತೇ ಹೇಳಿದ್ಳ್ರಿ ಅಕ್ಕೋರೆ. ಸಾಲಿ ಮ್ಯಾಲ ನಂಬಿಕಿ ಇತ್ತು, ಅದಕ್ಕ ಕೇಳ್ಲಿಲ್ಲ” ಎಂದರು. ಹತ್ತು ವರುಷ ನಮ್ಮ ಗೋಡೆಯ ಮೇಲೆ ತೂಗುತ್ತಿದ್ದುದು ಯಾರ ನಂಬಿಕೆಯ ಬೆಲೆಯೆಂಬುದು ಆಗ ತಿಳಿಯಿತು.

ಪ್ರಶಸ್ತಿಪತ್ರವನ್ನು ಇಳಿಸಿದ್ದೇವೆ; ಪ್ರದರ್ಶನವನ್ನು ನಡೆಸಿದವರಿಗೆ ಪತ್ರ ಬರೆದಿದ್ದೇವೆ. ಆ ಬಹುಮಾನವು ಬೇರೊಂದು ಮಗುವಿಗೆ ಸಲ್ಲತಕ್ಕುದಾಗಿತ್ತು. ಅದು ಯಾವ ಮಗುವೋ, ಈಗ ಎಲ್ಲಿರುವುದೋ. ಆ ನಷ್ಟವನ್ನು ತುಂಬಿಕೊಡಲು ನಮ್ಮಿಂದಾಗದು. ಈಗ ನಮ್ಮ ಹುಡುಗಿಯರು ಯಾವ ವಸ್ತುವನ್ನು ಪ್ರದರ್ಶನಕ್ಕಿಟ್ಟರೂ, ಅದು ಮಾಡುವ ಕೆಲಸದ ಜೊತೆಗೆ ಇನ್ನೂ ಮಾಡಲಾರದ ಕೆಲಸವನ್ನೂ ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡುತ್ತಾರೆ.

ಪೋಷಕರೇ, ನೀವು ಮುಂದಿನ ವಸ್ತುಪ್ರದರ್ಶನಕ್ಕೆ ಬಂದಾಗ ಆ ಚೀಟಿಯನ್ನು ಮೊದಲು ಓದಿರಿ. ಸಂದೇಹ ಬಂದಲ್ಲಿ ನಮ್ಮನ್ನು ಸಂಕೋಚವಿಲ್ಲದೆ ಕೇಳಿರಿ. ಶಾಲೆಯ ಮೇಲಿನ ನಂಬಿಕೆಯಿಂದ ಸುಮ್ಮನಿರಬೇಡಿರೆಂದು ನಮ್ಮ ವಿನಯಪೂರ್ವಕವಾದ ಬಿನ್ನಹ.